ವಾರ್ಡನ್‌ಗೆ ಹೇಳಬ್ಯಾಡ್ರಲೇ: ಕಾಲೇಜು ಮಕ್ಕಳನ್ನು ಎಣ್ಣೆ, ಸೊಪ್ಪಿನಿಂದ ದೂರ ಇಡಲು ಏನೇನು ಮಾಡಬೇಕು

ರಾತ್ರಿ ಹನ್ನೊಂದೂವರೆ. ಹಾಸ್ಟೆಲ್ ಅಡುಗೆಮನೆಗೆ ಒಬ್ಬ ಹುಡುಗ ಬಂದು ಎರಡು ನಿಂಬೆಹಣ್ಣು ಕೇಳಿದ. ಹೊತ್ತಲ್ಲದ ಹೊತ್ತಿನಲ್ಲಿ ನಿಂಬೆಹಣ್ಣು ಯಾಕಪ್ಪಾ ಎಂದು ಅಡುಗೆ ಅಣ್ಣನಿಗೆ ಅನುಮಾನ ಬಂತು. ವಾರ್ಡನ್ ಆದ ನನಗೆ ಫೋನ್ ಮಾಡಿದರು. ನಾನು ಮಹಡಿ ಹತ್ತಿ ಹೋದಾಗ ಆ ರೂಮಿನಲ್ಲಿ ಐದು ಜನ ನಿಂತಿದ್ದರು. ಒಬ್ಬ ಅಂಗಾತ ಮಲಗಿದ್ದ. ಬಾಯಿಯ ಪಕ್ಕ ವಾಂತಿ. ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ.

ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಹುಡುಗ ಬದುಕಿದ. ಮರುದಿನ ಅವನ ಗೆಳೆಯರನ್ನು ಕೂರಿಸಿಕೊಂಡು ಕೇಳಿದೆ: "ಒಂದೂವರೆ ಗಂಟೆ ಅವನು ಹಂಗೇ ಬಿದ್ದಿದ್ದನಲ್ಲಪ್ಪಾ, ನನಗ್ಯಾಕೆ ಹೇಳಲಿಲ್ಲ?" ಒಬ್ಬ ತಲೆ ತಗ್ಗಿಸಿ ಹೇಳಿದ: "ಸಾರ್, ಕುಡಿದವರು ಸಿಕ್ರೆ ಅವತ್ತೇ ಪೆಟ್ಟಿಗೆ ಕಟ್ಟಿಸ್ತೀನಿ ಅಂತ ನೀವೇ ಹೇಳಿದ್ರಲ್ರಿ."

ಹೌದು, ನಾನೇ ಹೇಳಿದ್ದೆ. ಜೂನ್‌ನಲ್ಲಿ ಹೊಸ ಹುಡುಗರ ಮೊದಲ ಸಭೆಯಲ್ಲಿ, ಎದೆ ಉಬ್ಬಿಸಿಕೊಂಡು. ಆ ಮಾತಿನಿಂದ ಹಾಸ್ಟೆಲಿನಲ್ಲಿ ಕುಡಿತ ನಿಂತಿರಲಿಲ್ಲ. ಬಾಗಿಲಿನ ಚಿಲಕ ಮಾತ್ರ ಬಿಗಿಯಾಗಿತ್ತು.

ದಾವಣಗೆರೆಯ ಹಾಸ್ಟೆಲುಗಳಲ್ಲಿ, ಪಿಜಿಗಳಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಪಾಠ ಮಾಡುವವರಿಗೆ, ಊರಲ್ಲಿ ಕೂತು ಫೋನ್ ಕಾಯುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳೂ ಓದಲಿ. ಹುಡುಗರ ಬಾಯಲ್ಲಿ ಎಣ್ಣೆ ಅಂದರೆ ಮದ್ಯ, ಸೊಪ್ಪು ಅಂದರೆ ಗಾಂಜಾ. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ನಿಯಮವನ್ನು ತಿರುಗಿ ಬರೆಯಿರಿ

ಹಾಸ್ಟೆಲಿನ ನಿಯಮ ಪಟ್ಟಿಯಲ್ಲಿ "ಮದ್ಯ, ಮಾದಕ ವಸ್ತು ಕಂಡುಬಂದರೆ ಹೊರಹಾಕಲಾಗುವುದು" ಅಂತ ಒಂದೇ ಸಾಲು ಇರುತ್ತದೆ ಅಲ್ವಾ? ಅದನ್ನು ಮೂರು ಸಾಲು ಮಾಡಿ.

ಒಂದು: ಜೊತೆಯವನಿಗೆ ಅಪಾಯ ಆಗಿದೆ ಎಂದು ಯಾರು ಕರೆದರೂ, ಕರೆದವನಿಗೂ ಮಲಗಿದವನಿಗೂ ಆ ರಾತ್ರಿಯ ಲೆಕ್ಕದಲ್ಲಿ ಶಿಕ್ಷೆ ಇಲ್ಲ. ಎರಡು: ತಾನಾಗಿ ಬಂದು "ನನಗೆ ಬಿಡೋಕೆ ಆಗ್ತಿಲ್ಲ" ಎಂದವನನ್ನು ಚಿಕಿತ್ಸೆಗೆ ಕಳಿಸುತ್ತೇವೆ, ಸೀಟು ಹಾಗೇ ಇರುತ್ತದೆ. ಮೂರು: ತಂದು ಮಾರುವವನಿಗೆ, ಕಿರಿಯರಿಗೆ ಬಲವಂತವಾಗಿ ಕುಡಿಸುವವನಿಗೆ ಈ ರಿಯಾಯಿತಿ ಇಲ್ಲ.

"ಹಿಂಗೆ ಬರೆದ್ರೆ ಎಲ್ಲರೂ ಧೈರ್ಯವಾಗಿ ಕುಡೀತಾರೆ ಸಾರ್" ಎಂದು ಆಡಳಿತ ಮಂಡಳಿಯವರು ಹೇಳುತ್ತಾರೆ. ನನಗೂ ಹೇಳಿದರು. ನಾನು ಕಾನೂನು ತೋರಿಸಿದೆ. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ನಮ್ಮ ದೇಶದ ಬಲು ಕಠಿಣ ಕಾಯ್ದೆಗಳಲ್ಲಿ ಒಂದು. ಅದರಲ್ಲೂ 64ಎ ಎಂಬ ಕಲಮು ಇದೆ. ಸ್ವಲ್ಪ ಪ್ರಮಾಣದ ವಸ್ತುವಿನ ಜೊತೆಗೋ, ಸೇವಿಸಿಯೋ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗಬಹುದು ಎನ್ನುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ವಾಪಸು. ದೇಶದ ಕಾನೂನಿಗೆ ಇಷ್ಟು ತಾಳ್ಮೆ ಇರುವಾಗ ಹಾಸ್ಟೆಲಿಗೆ ಯಾಕೆ ಬೇಡ?

ಈ ಮೂರು ಸಾಲನ್ನು ದಪ್ಪ ಅಕ್ಷರದಲ್ಲಿ ಮೆಸ್ ಗೋಡೆಗೆ ಹಚ್ಚಿ. ಕೆಳಗೆ ವಾರ್ಡನ್ ಫೋನ್ ನಂಬರ್ ಇರಲಿ. ಆ ಫೋನ್ ರಾತ್ರಿ ಸೈಲೆಂಟ್‌ನಲ್ಲಿ ಇರಬಾರದು, ಅಷ್ಟೇ ಷರತ್ತು. ಹುಡುಗರು ನಂಬಲು ಆರು ತಿಂಗಳು ಹಿಡಿಯುತ್ತದೆ. ಮೊದಲ ಸಲ ಯಾರಾದರೂ ಕರೆದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಇಡೀ ಹಾಸ್ಟೆಲ್ ಬಾಗಿಲ ಸಂದಿಯಿಂದ ನೋಡುತ್ತಿರುತ್ತದೆ.

ಎಣಿಸಿ ನೋಡಿ, ಊಹಿಸಬೇಡಿ

ಹೊಸ ಹುಡುಗ ಯಾಕೆ ಮೊದಲ ಗುಟುಕು ಕುಡಿಯುತ್ತಾನೆ? "ಎಲ್ಲರೂ ಕುಡೀತಾರೆ" ಎಂದು ಅವನಿಗೆ ಅನಿಸಿರುತ್ತದೆ. ಇದು ಹೆಚ್ಚಿನ ಕಡೆ ಸುಳ್ಳು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 10ರಿಂದ 75 ವರ್ಷದ ಗಂಡಸರಲ್ಲಿ ಮದ್ಯ ಸೇವಿಸುವವರು 27.3%, ಹೆಂಗಸರಲ್ಲಿ 1.6%. ಅಂದರೆ ನಾಲ್ಕು ಗಂಡಸರಲ್ಲಿ ಸುಮಾರು ಮೂವರು ಕುಡಿಯುವುದಿಲ್ಲ. ಆದರೆ ಕುಡಿದವನು ಕಾರಿಡಾರ್‌ನಲ್ಲಿ ಕೂಗಾಡುತ್ತಾನೆ, ಕುಡಿಯದವನು ಹೊದ್ದು ಮಲಗಿರುತ್ತಾನೆ. ಕಿವಿಗೆ ಬೀಳುವುದು ಕೂಗು ಮಾತ್ರ.

ಹೀಗೆ ಮಾಡಿ. ಒಂದು ಭಾನುವಾರ ತಿಂಡಿ ಹೊತ್ತಿಗೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಹೆಸರು ಬೇಡ, ರೂಮ್ ನಂಬರ್ ಬೇಡ. ಎರಡೇ ಪ್ರಶ್ನೆ. ಕಳೆದ 30 ದಿನದಲ್ಲಿ ನೀನು ಎಷ್ಟು ದಿನ ಕುಡಿದೆ? ಈ ಹಾಸ್ಟೆಲಿನಲ್ಲಿ ಹತ್ತು ಜನರಲ್ಲಿ ಎಷ್ಟು ಜನ ಕುಡಿಯುತ್ತಾರೆ ಅಂತ ನಿನಗೆ ಅನಿಸುತ್ತದೆ? ಚೀಟಿಯನ್ನು ಡಬ್ಬಿಗೆ ಹಾಕಲಿ. ಡಬ್ಬಿ ಒಡೆದು ಎಣಿಸುವವರು ವಿದ್ಯಾರ್ಥಿಗಳೇ ಆಗಿರಲಿ. ವಾರ್ಡನ್ ಎಣಿಸಿದರೆ ಕೈಬರಹ ನೋಡುತ್ತಾನೆ ಎಂಬ ಅನುಮಾನ ಇದ್ದೇ ಇರುತ್ತದೆ. ನಾನಾದರೂ ನೋಡಿಬಿಡುತ್ತಿದ್ದೆನೋ ಏನೋ!

ಒಂದು ದಿನವಾದರೂ ಕುಡಿದವರು ಹತ್ತು ಜನರಲ್ಲಿ ಎಷ್ಟು ಎಂದು ಮೊದಲ ಪ್ರಶ್ನೆಯಿಂದ ಲೆಕ್ಕ ಹಾಕಿ. ಎರಡನೇ ಪ್ರಶ್ನೆಯ ಉತ್ತರ ಅದಕ್ಕಿಂತ ಜಾಸ್ತಿ ಬರುವುದೇ ಸಾಮಾನ್ಯ. ಎರಡನ್ನೂ ಅಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿ. ಉಪದೇಶದ ಸಾಲು ಸೇರಿಸಬೇಡಿ. ಒಂದು ವೇಳೆ ನಿಜವಾಗಿಯೂ ಕುಡಿಯುವವರೇ ಹೆಚ್ಚಿದ್ದರೆ ಸಂಖ್ಯೆ ತಿರುಚಬೇಡಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಿಜ ಗೊತ್ತಾಗಿಯೇ ಆಗುತ್ತದೆ. ಆಗ ನಿಮ್ಮ ಮುಂದಿನ ಕೆಲಸ ಜಾಸ್ತಿ ಇದೆ ಅಂತ ನಿಮಗಾದರೂ ತಿಳಿದಿರುತ್ತದೆ.

ಗಡಿಯಾರ ನೋಡಿ, ಕ್ಯಾಲೆಂಡರ್ ನೋಡಿ

ಜಗಳೂರು, ಹೊನ್ನಾಳಿ, ಚನ್ನಗಿರಿ, ಹೊಸದುರ್ಗ, ಮೊಳಕಾಲ್ಮೂರು ಕಡೆಯಿಂದ ಬರುವ ಹುಡುಗ ಮೊದಲ ಸಲ ಮನೆ ಬಿಟ್ಟಿರುತ್ತಾನೆ. ಜೇಬಿನಲ್ಲಿ ಫೋನ್‌ಪೇ ಇರುತ್ತದೆ. ಬೈದು ಊಟಕ್ಕೆ ಕರೆಯುವ ಅಮ್ಮ ಇಲ್ಲ. ಮೊದಲ ಆರು ವಾರ ಅವನು ಯಾರ ಜೊತೆ ಸಂಜೆ ಕಳೆಯುತ್ತಾನೋ ಮುಂದಿನ ಮೂರು ನಾಲ್ಕು ವರ್ಷ ಹೆಚ್ಚುಕಮ್ಮಿ ಅವರ ಜೊತೆಗೇ ಇರುತ್ತಾನೆ. ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಈ ಆರು ವಾರಕ್ಕೆ ಹಾಕಿ. ಮಾರ್ಚ್‌ನಲ್ಲಿ ದೊಡ್ಡ ಭಾಷಣ ಮಾಡಿ ಪ್ರಯೋಜನ ಕಡಿಮೆ.

ದಿನದಲ್ಲಿ ಅಪಾಯದ ಹೊತ್ತು ಸಂಜೆ ಐದರಿಂದ ರಾತ್ರಿ ಒಂಬತ್ತು. ಕ್ಲಾಸ್ ಮುಗಿದಿದೆ, ಲೈಬ್ರರಿಗೆ ಬೀಗ ಬಿದ್ದಿದೆ, ಮೈದಾನದ ಗೇಟು ಮುಚ್ಚಿದೆ. ಇನ್ನು ಹುಡುಗರು ಎಲ್ಲಿಗೆ ಹೋಗಬೇಕು? ಮಂಡಕ್ಕಿ ಮಿರ್ಚಿ ತಿಂದು ಮುಗಿಯಲು ಇಪ್ಪತ್ತು ನಿಮಿಷ ಸಾಕು. ಆಮೇಲೆ ಹೈವೇ ಕಡೆಯ ಡಾಬಾನೇ ಗತಿ. ಲೈಬ್ರರಿಯನ್ನು ರಾತ್ರಿ ಒಂಬತ್ತರ ತನಕ ತೆರೆದಿಡಿ. ಮೈದಾನಕ್ಕೆ ಎರಡು ದೀಪ ಹಾಕಿಸಿ, ವಾಲಿಬಾಲ್ ನೆಟ್ ಕಟ್ಟಿ. ಇದಕ್ಕಾಗುವ ಖರ್ಚು ಜಾಗೃತಿ ಜಾಥಾದ ಬ್ಯಾನರು, ಟೀಶರ್ಟುಗಳ ಖರ್ಚಿಗಿಂತ ತೀರಾ ಹೆಚ್ಚೇನಲ್ಲ.

ನಮ್ಮ ಊರಲ್ಲಿ ಗರಡಿಮನೆಗಳಿವೆ. ಬೆಳಿಗ್ಗೆ ಐದಕ್ಕೆ ಕುಸ್ತಿ ಮಟ್ಟಿಗೆ ಇಳಿಯುವ ಹುಡುಗ ರಾತ್ರಿ ಹನ್ನೆರಡರ ತನಕ ಕೂತು ಕುಡಿಯಲಾರ. ನಾಟಕದ ನಂಟೂ ಇಲ್ಲಿಯದೇ. ವೃತ್ತಿ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದ ಊರು ದಾವಣಗೆರೆ. ಪಕ್ಕದ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರದ ತಂಡ ನಾಡೆಲ್ಲ ತಿರುಗುತ್ತದೆ. ಒಂದು ನಾಟಕ ಕಟ್ಟಲು ಎರಡು ತಿಂಗಳು ಸಂಜೆಯ ತಾಲೀಮು ಬೇಕು. ಆ ಎರಡು ತಿಂಗಳಲ್ಲಿ ಇಪ್ಪತ್ತು ಹುಡುಗರ ಸಂಜೆ ತುಂಬಿತು ನೋಡಿ.

ಇನ್ನು ಕ್ಯಾಲೆಂಡರ್. ಬರ್ತ್‌ಡೇ ಟ್ರೀಟ್, ಫ್ರೆಶರ್ಸ್ ಪಾರ್ಟಿ, ಗಣಪತಿ ವಿಸರ್ಜನೆ, ಪರೀಕ್ಷೆ ಮುಗಿದ ರಾತ್ರಿ, ಡಿಸೆಂಬರ್ 31. ಇವು ಮೊದಲೇ ಗೊತ್ತಿರುವ ದಿನಗಳು. ಆ ದಿನ ಮೆಸ್‌ನಲ್ಲಿ ಒಳ್ಳೆಯ ಊಟ ಹಾಕಿ, ಹತ್ತೂವರೆ ತನಕ ಹಾಡು ಹಾಕಲು ಬಿಡಿ. ಗೇಟಿಗೆ ಬೇಗ ಬೀಗ ಹಾಕಿದರೆ ಕುಡಿದವನು ಒಳಗೆ ಬರಲಾಗದೆ ಬೈಕಿನಲ್ಲಿ ಸುತ್ತುತ್ತಾನೆ. ಅದು ಇನ್ನೂ ಕೆಟ್ಟದ್ದು.

ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾ ಬೇಡ ಅಂತ ನಾನು ಹೇಳುವುದಿಲ್ಲ. ಮಾಡಿ. ಆದರೆ ಆಗಸ್ಟ್ 1ರ ಕಥೆಯನ್ನೂ ಮಕ್ಕಳಿಗೆ ಹೇಳಿ. ಇಳಕಲ್ಲಿನ ಮಹಾಂತ ಶಿವಯೋಗಿಗಳ ಹುಟ್ಟಿದ ದಿನ ಅದು. ಸರ್ಕಾರ ಅದನ್ನು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಸ್ವಾಮಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, "ನಿಮ್ಮ ದುಶ್ಚಟವನ್ನು ಇದಕ್ಕೆ ಹಾಕಿ" ಎಂದು ಬೇಡುತ್ತಿದ್ದರು. ಗದರಿಸುವ ಅಧಿಕಾರ ಇದ್ದವರು ಬೇಡಿದರು, ಅದಕ್ಕೇ ಜನ ಹಾಕಿದರು ಅಂತ ನನ್ನ ಲೆಕ್ಕ.

ವಸ್ತುವಿನ ಬಗ್ಗೆ ನಿಜ ಹೇಳಿ

"ಮದ್ಯ ವಿಷ" ಎಂದರೆ ಹುಡುಗರು ಆಕಳಿಸುತ್ತಾರೆ. ಲೆಕ್ಕ ಹೇಳಿ, ಕಿವಿ ನೆಟ್ಟಗಾಗುತ್ತದೆ. 42.8% ಇರುವ ವಿಸ್ಕಿ, ರಮ್ಮಿನ 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಇದನ್ನು ಒಂದು ಅಳತೆ ಅನ್ನೋಣ. 90 ಎಂಎಲ್ ಪ್ಯಾಕೆಟ್ಟಿನಲ್ಲಿ ಮೂರು ಅಳತೆ. 180 ಎಂಎಲ್ ಕ್ವಾರ್ಟರಿನಲ್ಲಿ ಆರು. "ಬರೀ ಬಿಯರ್ ಸಾರ್" ಅನ್ನುತ್ತಾರಲ್ಲ, 8% ಇರುವ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ನಾಲ್ಕು ಅಳತೆ. ಲಿವರ್ ಗಂಟೆಗೆ ಹೆಚ್ಚುಕಮ್ಮಿ ಒಂದು ಅಳತೆ ಮಾತ್ರ ಕರಗಿಸುತ್ತದೆ. ಸ್ನಾನ, ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವುದರಿಂದಲೂ ಅದು ಬೇಗ ಕೆಲಸ ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡು ಬಾಟಲಿ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಆರಕ್ಕೂ ಮದ್ಯ ಉಳಿದಿರಬಹುದು. ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ವಯಸ್ಸಿನ ವಿಷಯದಲ್ಲಿ ಗೊಂದಲ ಬೇಡ. ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರಲ್ಲಿ ಇದನ್ನು 18ಕ್ಕೆ ಇಳಿಸುವ ಪ್ರಸ್ತಾಪ ಬಂದಿತ್ತು, ವಿರೋಧ ಬಂದ ಮೇಲೆ ಕೈಬಿಟ್ಟರು. ಪಿಯುಸಿ ಮಕ್ಕಳಿಗೆ ಅಂದರೆ 18ರ ಒಳಗಿನವರಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದ ತನಕ ಜೈಲು ಇದೆ. ಡಿಗ್ರಿ ಹುಡುಗರು ಪಿಯುಸಿ ತಮ್ಮಂದಿರನ್ನು "ಬಾರಲೇ" ಎಂದು ಕರೆದುಕೊಂಡು ಹೋಗುವಾಗ ಇದು ಅವರಿಗೆ ಗೊತ್ತಿರುವುದಿಲ್ಲ.

ಸೊಪ್ಪು, ಅಂದರೆ ಗಾಂಜಾ. "ಗಿಡದ್ದು ಸಾರ್, ನ್ಯಾಚುರಲ್" ಎನ್ನುವ ವಾದ ಬಂದೇ ಬರುತ್ತದೆ. ದತ್ತೂರಿಯೂ ಗಿಡದ್ದೇ. ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಅದಕ್ಕೂ ಮೊದಲು ದಿನಾ ಸೇದಿದರೆ ನೆನಪು, ಗಮನ, ಉತ್ಸಾಹ ಇಳಿಯುತ್ತದೆ. ಕೆಲವರಿಗೆ ಯಾರೋ ಹಿಂದೆ ಬಿದ್ದಿದ್ದಾರೆ ಎಂಬ ಭ್ರಮೆ, ಕಿವಿಯಲ್ಲಿ ಮಾತು ಕೇಳಿಸುವುದು ಶುರುವಾಗುತ್ತದೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದರೆ ಅಪಾಯ ಇನ್ನೂ ಜಾಸ್ತಿ. ಕಾನೂನಿನ ಕಡೆಯಿಂದ ಒಂದೇ ಮಾತನ್ನು ಒತ್ತಿ ಹೇಳಿ: ಗೆಳೆಯನ ಪೊಟ್ಟಣವನ್ನು ನಿನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳಬೇಡ. ಸೇದದಿದ್ದರೂ ಕೇಸು ನಿನ್ನ ಮೇಲೇ. ಒಂದು ಕಿಲೋ ಒಳಗಿನದ್ದಕ್ಕೇ ಒಂದು ವರ್ಷದ ತನಕ ಸಜೆ ಆಗಬಹುದು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಮಾತ್ರೆಗಳು. ವಾಸನೆ ಇಲ್ಲ, ಹೊಗೆ ಇಲ್ಲ. ಟಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಅಲ್ಪ್ರಜೋಲಮ್‌ನಂಥ ನಿದ್ದೆಯ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ಇವನ್ನು ಎಣ್ಣೆಯ ಜೊತೆ ತೆಗೆದುಕೊಂಡರೆ ಉಸಿರು ನಿಧಾನವಾಗಿ ನಿಂತೇ ಹೋಗಬಹುದು. ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಂಡರೆ ರಕ್ತನಾಳ ಹಾಳು, ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್. ಹೆಣ್ಣುಮಕ್ಕಳ ಹಾಸ್ಟೆಲಿನವರು "ನಮ್ಮಲ್ಲಿ ಅದೆಲ್ಲ ಇಲ್ಲ" ಎನ್ನುತ್ತಾರೆ. ನಿದ್ದೆ ಮಾತ್ರೆ, ವೇಪ್ (ಇ-ಸಿಗರೇಟು) ಅಲ್ಲಿಯೂ ಕಾಣಬಹುದು. 2019ರಿಂದ ಇ-ಸಿಗರೇಟು ಮಾರಾಟ ದೇಶದಲ್ಲೆಲ್ಲ ನಿಷೇಧ. ನೋಡಲು ಪೆನ್ ಡ್ರೈವ್ ತರಹ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ. ಎನ್‌ಎಸ್‌ಎಸ್ ಮಕ್ಕಳ ಕೈಗೆ ಟೇಪು ಕೊಟ್ಟು ಅಳೆಸಿ. ಒಂದು ಮಧ್ಯಾಹ್ನದ ಕೆಲಸ.

ಆ ರಾತ್ರಿ ಏನು ಮಾಡಬೇಕು

ಇದನ್ನು ವಿದ್ಯಾರ್ಥಿಗಳಿಗೇ ಕಲಿಸಿ. ರೂಮಿನಲ್ಲಿ ಇರುವವರು ಅವರೇ.

ಹೆಸರು ಕೂಗಿ, ಭುಜ ತಟ್ಟಿ. ಕಣ್ಣು ತೆರೆದು ಸರಿಯಾಗಿ ಮಾತನಾಡಿದರೆ ಜೊತೆಗೆ ಒಬ್ಬರು ಕೂತಿರಿ. ಎಚ್ಚರ ಆಗದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಬಿಡುವು ಇದ್ದರೆ, ತುಟಿ ಉಗುರು ನೀಲಿಯಾಗಿದ್ದರೆ, ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ಇವುಗಳಲ್ಲಿ ಯಾವ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ಆಮೇಲೆ ವಾರ್ಡನ್‌ಗೆ. ಎಲ್ಲ ಲಕ್ಷಣವೂ ಬರಲಿ ಅಂತ ಕಾಯಬೇಡಿ.

ಅಂಗಾತ ಮಲಗಿಸಬೇಡಿ. ವಾಂತಿ ಗಂಟಲಿಗೆ ಹೋಗಿ ಉಸಿರು ಕಟ್ಟುತ್ತದೆ, ಜೀವ ಹೋಗುವುದು ಬಹಳ ಸಲ ಹಾಗೆಯೇ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮಂಡಿ ಮಡಚಿ ಮುಂದಕ್ಕೆ ಇಡಿ, ಬಾಯಿ ನೆಲದ ಕಡೆ ವಾಲಿರಲಿ. ಬೆನ್ನಿಗೆ ಕಾಲೇಜು ಬ್ಯಾಗ್ ಒತ್ತಿಟ್ಟರೆ ತಿರುಗಿ ಬೀಳುವುದಿಲ್ಲ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ತಣ್ಣೀರು ಸುರಿಯಬೇಡಿ. ನಿಂಬೆ ಶರಬತ್ತು ಕುಡಿಸಬೇಡಿ, ಎಚ್ಚರ ಇಲ್ಲದವನಿಗೆ ಅದೂ ಉಸಿರುಕೊಳವೆಗೆ ಹೋಗುತ್ತದೆ. "ಮಲಗಿದ್ರೆ ಸರಿಹೋಗ್ತಾನೆ ಬಿಡು" ಎನ್ನುವ ಮಾತನ್ನು ನಂಬಬೇಡಿ. ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ.

ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. "ಫುಡ್ ಪಾಯ್ಸನ್" ಎಂದರೆ ಅವರು ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಏನು, ಎಷ್ಟು, ಯಾವಾಗ ಹೇಳಿ. ಮಾತ್ರೆಯ ಖಾಲಿ ಹಾಳೆ ಸಿಕ್ಕರೆ ಜೇಬಿಗೆ ಹಾಕಿಕೊಂಡು ಹೋಗಿ.

ಮಾತು ಹೇಗೆ ಶುರು ಮಾಡಬೇಕು

ಕಣ್ಣು ಕೆಂಪಾದ ಮಾತ್ರಕ್ಕೆ ಗಾಂಜಾ ಅಲ್ಲ. ರಾತ್ರಿಯಿಡೀ ರೀಲ್ಸ್ ನೋಡಿದವನ ಕಣ್ಣೂ ಹಾಗೇ ಇರುತ್ತದೆ. ಒಂದು ಗುರುತಿಗಿಂತ ಬದಲಾವಣೆ ಮುಖ್ಯ. ಮೊದಲ ಬೆಂಚಿನವನು ಹಾಜರಿ ಕಳೆದುಕೊಂಡ. ಕ್ರಿಕೆಟ್ ಬಿಟ್ಟ. ಹಳೆಯ ಗೆಳೆಯರನ್ನು ಬಿಟ್ಟ. ಎಲ್ಲರ ಹತ್ತಿರ ಇನ್ನೂರು, ಐನೂರು ಸಾಲ. ಬಿಸಿಲಿನಲ್ಲೂ ತುಂಬು ತೋಳಿನ ಅಂಗಿ. ಇಂಥವು ಎರಡು ಮೂರು ಕೂಡಿ, ಕೆಲವು ವಾರ ಉಳಿದರೆ ಕೂರಿಸಿ ಮಾತಾಡಿ.

"ನೀನು ಗಾಂಜಾ ಹೊಡೀತಿಯಂತೆ, ಹೌದಾ?" ಎಂದು ಕೇಳಿದರೆ "ಇಲ್ಲ ಸಾರ್" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಎರಡು ತಿಂಗಳಿಂದ ಮೈದಾನದ ಕಡೆ ಬರ್ತಿಲ್ಲ, ತಿಂಡಿಗೂ ಕಾಣ್ತಿಲ್ಲ. ಏನಾಯ್ತಪ್ಪಾ?" ಎಂದು ಕಂಡದ್ದನ್ನು ಮಾತ್ರ ಹೇಳಿ. ಆಮೇಲೆ ಸುಮ್ನೆ ಕೂತಿರಿ. ನನಗೆ ಅತಿ ಕಷ್ಟವಾದ ಕೆಲಸ ಇದೇ. ಮೇಷ್ಟ್ರಾದವರಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಸುಲಭ ಅಲ್ಲ.

ಅಪ್ಪ ಅಮ್ಮಂದಿರಿಗೆ ಎರಡು ಮಾತು. ದುಡ್ಡನ್ನು ತಿಂಗಳಿಗೊಮ್ಮೆ ಇಡಿಯಾಗಿ ಹಾಕುವ ಬದಲು ವಾರಕ್ಕೊಮ್ಮೆ ಹಾಕಿ. ಅಡಿಕೆ ಮಾರಿದ ಖುಷಿಗೆ ಒಂದೇ ಸಲ ಬೈಕು, ಫೋನು, ಕಾಸು ಮೂರನ್ನೂ ಕೊಟ್ಟುಬಿಡಬೇಡಿ. ಇನ್ನೊಂದು, ಮಗ ಫೋನಿನಲ್ಲಿ "ಅಪ್ಪಾ, ಒಂದು ತಪ್ಪಾಗಿದೆ" ಎಂದರೆ ಮೊದಲು "ಎಲ್ಲಿದೀಯ, ಹುಷಾರಾಗಿದೀಯಾ" ಎಂದು ಕೇಳಿ. ಬೈಯಲು ಮರುದಿನ ಬೇಕಾದಷ್ಟು ಹೊತ್ತಿರುತ್ತದೆ.

ಎಲ್ಲಿಗೆ ಕಳಿಸಬೇಕು

ನಂಬರುಗಳನ್ನು ಗೋಡೆಗೆ ಬರೆಯಿರಿ. ಚಟ ಬಿಡಲು ಸಲಹೆಗೆ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್, 14416. ಮಾದಕ ವಸ್ತು ಮಾರುವವರ ಬಗ್ಗೆ ಮಾಹಿತಿ ಕೊಡಲು 1933.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ತಜ್ಞರನ್ನು ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ಮೊದಲು ನೀವೇ ಹೋಗಿ ನೋಡಿ. ನೋಂದಣಿ ಇದೆಯಾ, ಡಾಕ್ಟರು ದಿನಾ ಬರುತ್ತಾರಾ, ಮನೆಯವರಿಗೆ ಭೇಟಿ ಇದೆಯಾ ಎಂದು ಕೇಳಿ. ಹೊಡೆದು ಬಿಡಿಸುತ್ತೇವೆ ಎನ್ನುವ ಕಡೆಗೆ ಕಾಲಿಡಬೇಡಿ.

ಒಂದು ಎಚ್ಚರಿಕೆ. ದಿನಾ ಜೋರಾಗಿ ಕುಡಿಯುತ್ತಿದ್ದವನನ್ನು ರೂಮಿನಲ್ಲಿ ಕೂಡಿಹಾಕಿ "ಇವತ್ತಿಂದ ಬಂದ್" ಎನ್ನಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಫಿಟ್ಸ್, ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸುವ ಸನ್ನಿ ಬರಬಹುದು. ಜೀವಕ್ಕೇ ಅಪಾಯ. ನಿಲ್ಲಿಸುವುದು ಡಾಕ್ಟರ ಕಣ್ಣ ಮುಂದೆಯೇ ಆಗಬೇಕು.

ಚಿಕಿತ್ಸೆ ಮುಗಿಸಿ ಬಂದವನಿಗೆ ಹಳೆಯ ರೂಮ್ ಕೊಡಬೇಡಿ. ಹಳೆಯ ಗುಂಪು ಅಲ್ಲೇ ಇರುತ್ತದೆ. ಓದುವ ಹುಡುಗರ ಪಕ್ಕದ ರೂಮ್ ಕೊಡಿ, ಹಾಜರಿ ಕೊರತೆಗೆ ಪ್ರಿನ್ಸಿಪಾಲರ ಹತ್ತಿರ ನೀವೇ ಹೋಗಿ ಮಾತಾಡಿ. ಒಂದೆರಡು ಸಲ ಜಾರಿದರೆ "ನಾಯಿ ಬಾಲ ಡೊಂಕೇ" ಎನ್ನಬೇಡಿ, ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೂರು ತಿಂಗಳಾದರೂ ವಾರಕ್ಕೊಮ್ಮೆ ಅವನ ರೂಮಿನ ಕಡೆ ಹೆಜ್ಜೆ ಹಾಕಿ. "ಬಿಟ್ಟಿದೀಯಾ?" ಎಂದು ಕೇಳಬೇಡಿ. ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ ಎಂದು ಕೇಳಿ, ಹತ್ತು ನಿಮಿಷ ಕೂತು ಬನ್ನಿ.